ಉಷ್ಣವಲಯದ ಓಝೋನ್ ಅಳೆದವರು

1928ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಿಂದ ಒಂದು ಉಪಕರಣ ಕೊಡೈಕೆನಾಲ್ ಬೆಟ್ಟದ ಸೌರ ವೀಕ್ಷಣಾಲಯಕ್ಕೆ ಬಂದಿಳಿಯಿತು. ಅದನ್ನು ರೂಪಿಸಿದವರು ಜಿ. ಎಂ. ಬಿ. ಡಾಬ್ಸನ್. ಸೂರ್ಯನ ಬೆಳಕು ವಾಯುಮಂಡಲವನ್ನು ದಾಟಿ ಬರುವಾಗ ಅದರ ಅತಿನೇರಳೆ ಕಿರಣಗಳಲ್ಲಿ ಎಷ್ಟು ಪಾಲನ್ನು ಓಝೋನ್ ನುಂಗಿಹಾಕಿದೆ ಎಂಬುದನ್ನು ಗಾಜಿನ ಫೋಟೋ ಫಲಕದ ಮೇಲೆ ಮೂಡಿಸುವುದು ಅದರ ಕೆಲಸ. ಅಂಥವೇ ಉಪಕರಣಗಳು ಕ್ಯಾಲಿಫೋರ್ನಿಯಾದ ಟೇಬಲ್ ಮೌಂಟನ್‌ಗೆ, ಈಜಿಪ್ಟಿನ ಹೆಲ್ವಾನ್‌ಗೆ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಹೋದವು. ಎಲ್ಲ ಕಡೆಯ ಫಲಕಗಳೂ ಆಕ್ಸ್‌ಫರ್ಡ್‌ಗೆ ಮರಳಬೇಕು, ಅಲ್ಲಿ ಅವನ್ನು ತೊಳೆದು ಅಳೆಯಬೇಕು. ಕೊಡೈಕೆನಾಲಿನಲ್ಲಿ ಹಿಡಿದ ಬಿಸಿಲಿನ ಲೆಕ್ಕ ಹಡಗಿನಲ್ಲಿ ಸಾಗಿ ವಾರಗಳಾದ ಮೇಲೆ ತಿಳಿಯುತ್ತಿತ್ತು.

ಆ ಫಲಕಗಳಿಂದ ತಿಳಿದದ್ದು ಇಷ್ಟು: ಇಲ್ಲಿ ಓಝೋನ್ ಕಡಿಮೆ, ದಿನದಿಂದ ದಿನಕ್ಕೆ ಅದು ಹೆಚ್ಚೇನೂ ಏರಿಳಿಯುವುದಿಲ್ಲ. ಯುರೋಪಿನಲ್ಲಿ ಹವೆ ಬದಲಾದಂತೆಲ್ಲ ಓಝೋನಿನ ಪ್ರಮಾಣವೂ ಬದಲಾಗುತ್ತಿತ್ತು. ಉಷ್ಣವಲಯದಲ್ಲಿ ಅಂಥ ಏರುಪೇರು ಕಾಣಲಿಲ್ಲ. ನಮ್ಮ ತಲೆಯ ಮೇಲಿರುವ ಅಷ್ಟೂ ಓಝೋನನ್ನು ನೆಲಮಟ್ಟದ ಒತ್ತಡಕ್ಕೆ ತಂದು ಹಾಸಿದರೆ ಉಷ್ಣವಲಯದಲ್ಲಿ ಅದರ ದಪ್ಪ ಸುಮಾರು 2.6 ಮಿಲಿಮೀಟರ್, ಒಂದರ ಮೇಲೊಂದಿಟ್ಟ ಎರಡು ನಾಣ್ಯಗಳಷ್ಟು. ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಈಗ ಒಂದು ಡಾಬ್ಸನ್ ಯೂನಿಟ್ ಎಂದು ಕರೆಯುತ್ತಾರೆ. ಆ ಲೆಕ್ಕದಲ್ಲಿ ಇದು 260 ಯೂನಿಟ್.

ಒಗಟು ಇದ್ದದ್ದು ಇಲ್ಲಿಯೇ. ಓಝೋನ್ ಹುಟ್ಟುವುದು ಬಿಸಿಲಿನ ಅತಿನೇರಳೆ ಕಿರಣ ಆಮ್ಲಜನಕದ ಅಣುವನ್ನು ಒಡೆದಾಗ ಎಂದು 1930ರಲ್ಲಿ ಸಿಡ್ನಿ ಚಾಪ್ಮನ್ ತೋರಿಸಿದರು. ಹಾಗಾದರೆ ಬಿಸಿಲು ಅತಿ ಪ್ರಖರವಾಗಿರುವ ಸಮಭಾಜಕದ ಮೇಲೆ ಓಝೋನ್ ಹೆಚ್ಚಿರಬೇಕಲ್ಲವೇ? ಉತ್ತರ ಬರಲು ಇನ್ನೂ 20 ವರ್ಷ ಹಿಡಿಯಿತು. ಅದೂ ನೀರಾವಿಯ ಅಧ್ಯಯನದಿಂದ ಬಂತು. ಮೇಲಿನ ಸಮೋಷ್ಣ ಮಂಡಲದ ಗಾಳಿ ಅಷ್ಟೊಂದು ಒಣಗಿರಬೇಕಾದರೆ ಅದು ಉಷ್ಣವಲಯದ ಅತಿ ತಣ್ಣನೆಯ ಎತ್ತರವನ್ನು ಹಾದೇ ಮೇಲೇರಿರಬೇಕು ಎಂದು 1949ರಲ್ಲಿ ಅಲನ್ ಬ್ರೂವರ್ ವಾದಿಸಿದರು. ಸಮಭಾಜಕದ ಮೇಲೆ ಗಾಳಿ ನಿಧಾನವಾಗಿ ಏರುತ್ತದೆ, ಅಲ್ಲಿ ಹುಟ್ಟಿದ ಓಝೋನನ್ನು ಹೊತ್ತು ಧ್ರುವಗಳತ್ತ ಸಾಗುತ್ತದೆ. ಉಷ್ಣವಲಯದಲ್ಲಿ ತಯಾರಾದದ್ದು ಬೇರೆಡೆ ಹೋಗಿ ಸೇರುತ್ತದೆ.

ಏರಿಳಿತವಿಲ್ಲದ ಕಡೆ ಅಳೆಯುವುದಾದರೂ ಏನನ್ನು ಎಂಬ ಭಾವನೆ ಬಹುಕಾಲ ಉಳಿದಿತ್ತು. ಉಪಕರಣಗಳು ಉತ್ತರದ ದೇಶಗಳಲ್ಲೇ ಗುಂಪುಗೂಡಿದವು. ಈ ಅಸಡ್ಡೆಯಿಂದ ವಿಜ್ಞಾನಕ್ಕೆ ದಶಕಗಳ ನಷ್ಟವಾಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಟ್ಟು ಮೊತ್ತ ಸ್ಥಿರವಾಗಿದ್ದರೂ ಅದರ ಒಳಗೆ, ನೆಲದಿಂದ 16–17 ಕಿ.ಮೀ. ಎತ್ತರದವರೆಗಿನ ಪರಿವರ್ತನಾ ಮಂಡಲದಲ್ಲಿ, ದೊಡ್ಡ ಬದಲಾವಣೆಗಳೇ ನಡೆಯುತ್ತಿದ್ದವು. ಆ ಕೆಳಪದರದ ಓಝೋನ್ ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಆದರೆ ಉಸಿರಾಟಕ್ಕೂ ಬೆಳೆಗೂ ಕುತ್ತು ತರುವುದು, ಭೂಮಿಯ ಕಾವನ್ನು ಹಿಡಿದಿಡುವುದು ಆ ಪಾಲೇ. ಮೀಥೇನಿನಂಥ ಅನಿಲಗಳನ್ನು ಗಾಳಿಯಿಂದ ತೊಳೆದುಹಾಕುವ ಹೈಡ್ರಾಕ್ಸಿಲ್ ಹುಟ್ಟುವುದೂ ಅದರಿಂದಲೇ; ಬಿಸಿಲು ಮತ್ತು ತೇವ ಎರಡೂ ಧಾರಾಳವಾಗಿರುವ ಉಷ್ಣವಲಯದಲ್ಲೇ ಅದು ಅತಿ ಹೆಚ್ಚು.

ಯಾವ ಎತ್ತರದಲ್ಲಿ ಎಷ್ಟು ಎಂಬ ಪ್ರಶ್ನೆಯನ್ನು ಭಾರತದಲ್ಲಿ ಕೈಗೆತ್ತಿಕೊಂಡವರು ಕೆ. ಆರ್. ರಾಮನಾಥನ್. ಪಾಲಕ್ಕಾಡಿನ ಕಲ್ಪಾತಿಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಕೆಲಸ ಕಲಿತು, 1925ರಲ್ಲಿ ಹವಾಮಾನ ಇಲಾಖೆ ಸೇರಿದವರು. ಸಂಜೆ ಮುಂಜಾನೆ ಸೂರ್ಯ ಇಳಿಯುವಾಗ ಏರುವಾಗ ನೆತ್ತಿಯ ಆಕಾಶದಿಂದ ಬರುವ ಎರಡು ಬಗೆಯ ಅತಿನೇರಳೆ ಬೆಳಕಿನ ಅನುಪಾತ ತಿರುವುಮುರುವಾಗುವ ಒಂದು ಕ್ಷಣವಿದೆ. ಆ ತಿರುವಿನಿಂದ ಓಝೋನ್ ಯಾವ ಎತ್ತರದಲ್ಲಿ ದಟ್ಟವಾಗಿದೆ ಎಂದು ಲೆಕ್ಕ ಹಾಕಬಹುದು. ಈ ವಿಧಾನವನ್ನು ಬಳಸಿ ಅವರೂ ಆರ್. ವಿ. ಕರಂದೀಕರ್ ಅವರೂ ನಮ್ಮ ಅಕ್ಷಾಂಶಗಳ ಮೇಲಿನ ಓಝೋನಿನ ಹಂಚಿಕೆಯನ್ನು 1949ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ರಾಮನಾಥನ್ ಅಹಮದಾಬಾದಿನ ಭೌತ ಸಂಶೋಧನಾಲಯದ ಮೊದಲ ನಿರ್ದೇಶಕರಾಗಿದ್ದರು. ಮುಂದೆ ಅಂತರರಾಷ್ಟ್ರೀಯ ಓಝೋನ್ ಆಯೋಗದ ಅಧ್ಯಕ್ಷತೆಯನ್ನೂ ವಹಿಸಿದರು.

ಆದರೆ ನೆಲದಲ್ಲಿ ನಿಂತು ಮಾಡುವ ಈ ಲೆಕ್ಕಕ್ಕೆ ಕೆಳಪದರದ ವಿವರ ಸಿಗದು. ಅದಕ್ಕೆ ಉಪಕರಣವೇ ಗಾಳಿಯೊಳಗೆ ಹಾದುಹೋಗಬೇಕು. ಆ ಉಪಕರಣವನ್ನು ಭಾರತದಲ್ಲಿ ಮಾಡಿಸಿದವರು ಅಣ್ಣಾ ಮಣಿ.

1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅಣ್ಣಾ ಮಣಿ 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ ಮತ್ತು ಮಾಣಿಕ್ಯಗಳು ಹೊಮ್ಮಿಸುವ ಬೆಳಕನ್ನು ಫೋಟೋ ಫಲಕದಲ್ಲಿ ಹಿಡಿಯುವ ಕೆಲಸ ಅದು. ಬೆಳಕು ಎಷ್ಟು ಕ್ಷೀಣವೆಂದರೆ ಒಂದೊಂದು ಫಲಕವನ್ನು 15ರಿಂದ 20 ಗಂಟೆ ತೆರೆದಿಡಬೇಕು. ಎಷ್ಟೋ ರಾತ್ರಿಗಳು ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದವು. 1945ರಲ್ಲಿ ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ಸಿಗಲಿಲ್ಲ. ಮುಂದೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತರು. 1948ರಲ್ಲಿ ಮರಳಿ ಪುಣೆಯಲ್ಲಿ ಹವಾಮಾನ ಇಲಾಖೆಗೆ ಸೇರಿದರು. ಮಳೆಮಾಪಕ, ಗಾಳಿಮಾಪಕಗಳೂ ವಿದೇಶದಿಂದ ಬರುತ್ತಿದ್ದ ಕಾಲ. ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ ದೇಶದಲ್ಲೇ ತಯಾರಿಸುವ ದಾರಿ ಮಾಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸು ಎಂಬುದು ಅವರ ನಂಬಿಕೆಯಾಗಿತ್ತು. ಓಝೋನಿನ ಇತಿಹಾಸ ಓದಿದಷ್ಟೂ ಈ ನಂಬಿಕೆ ಎಷ್ಟು ಸರಿ ಎಂದು ಮನವರಿಕೆಯಾಗುತ್ತದೆ.

1960ರ ದಶಕದಲ್ಲಿ ಅವರು ಓಝೋನಿನತ್ತ ತಿರುಗಿದರು. ಅವರೊಂದಿಗೆ ದುಡಿದ ಸಿ. ಆರ್. ಶ್ರೀಧರನ್ 1968ರಲ್ಲಿ ಭಾರತೀಯ ಓಝೋನ್‌ಸಾಂಡೆಯ ರಚನೆಯನ್ನು ಪ್ರಕಟಿಸಿದರು. ಬಲೂನಿಗೆ ಕಟ್ಟಿ ಹಾರಿಬಿಡುವ, ಓಝೋನನ್ನು ರಾಸಾಯನಿಕವಾಗಿ ಹಿಡಿದು ಅಳೆದು ರೇಡಿಯೊ ಮೂಲಕ ನೆಲಕ್ಕೆ ತಿಳಿಸುವ ಪುಟ್ಟ ಪೆಟ್ಟಿಗೆ ಅದು. ತಿರುವನಂತಪುರ, ಪುಣೆ, ದೆಹಲಿಗಳಿಂದ ಅವು ಏರತೊಡಗಿದವು. ಮುಂದೆ ಅಂಟಾರ್ಕ್ಟಿಕಾದ ದಕ್ಷಿಣ ಗಂಗೋತ್ರಿಯಿಂದಲೂ ಏರಿದವು. ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಅಣ್ಣಾ ಮಣಿ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. ಗಾಳಿ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಒಂದು ಕಾರ್ಯಾಗಾರವನ್ನೂ ಅದೇ ಊರಿನಲ್ಲಿ ನಡೆಸಿದರು.

ಜಗತ್ತಿನ ಹೆಚ್ಚಿನ ಕೇಂದ್ರಗಳು ಈಗ ಬಳಸುವುದು ಅಮೆರಿಕದ ವಾಲ್ಟರ್ ಕೊಮೈರ್ 1960ರ ದಶಕದಲ್ಲಿ ರೂಪಿಸಿದ ಕೋಶವನ್ನು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ಕೋಣೆಗಳು, ಎರಡರಲ್ಲೂ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ. ಒಂದರಲ್ಲಿ ತೆಳು, ಇನ್ನೊಂದರಲ್ಲಿ ಗಟ್ಟಿ. ಟೆಫ್ಲಾನಿನ ಸಣ್ಣ ಪಂಪು ಹೊರಗಿನ ಗಾಳಿಯನ್ನು ತೆಳು ದ್ರಾವಣದೊಳಗೆ ಗುಳ್ಳೆಗುಳ್ಳೆಯಾಗಿ ಹಾಯಿಸುತ್ತದೆ. ಓಝೋನಿನ ಪ್ರತಿ ಅಣು ಅಯೊಡಿನ್ ಬಿಡುಗಡೆ ಮಾಡಿ ತಂತಿಯಲ್ಲಿ ಎರಡು ಇಲೆಕ್ಟ್ರಾನುಗಳನ್ನು ಓಡಿಸುತ್ತದೆ. ಹುಟ್ಟುವ ವಿದ್ಯುತ್ತು ಕೆಲವೇ ಮೈಕ್ರೊಆಂಪಿಯರ್. ಇಷ್ಟು ನಾಜೂಕಾದದ್ದನ್ನು ಹಾರಿಸುವ ಮುನ್ನ ದಿನಗಟ್ಟಲೆ ಸಿದ್ಧತೆ ನಡೆಯುತ್ತದೆ. ಕೈಗವಸು ತೊಟ್ಟು ದ್ರಾವಣ ತುಂಬಬೇಕು: ತೆಳುವಿನ ಕಡೆಗೆ 3 ಮಿಲಿಲೀಟರ್, ಗಟ್ಟಿಯ ಕಡೆಗೆ 1.5. ಗಾಜಿನ ಕೊಳವೆಯಲ್ಲಿ ಸೋಪಿನ ಗುಳ್ಳೆಯೊಂದನ್ನು ಎಬ್ಬಿಸಿ, ಅದು 100 ಮಿಲಿಲೀಟರಿನ ಗುರುತು ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಸ್ಟಾಪ್‌ವಾಚಿನಲ್ಲಿ ಹಿಡಿದು ಪಂಪಿನ ವೇಗ ನೋಡಬೇಕು. ಅರ್ಧ ನಿಮಿಷಕ್ಕಿಂತ ತುಸು ಕಡಿಮೆ ಬಂದರೆ ಸರಿ. ಓಝೋನ್ ತೆಗೆದುಹಾಕಿದ ಗಾಳಿ ಊಡಿಸಿದಾಗಲೂ ಕೋಶದಲ್ಲಿ ಉಳಿಯುವ ಅಲ್ಪ ವಿದ್ಯುತ್ತನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಅಳತೆಗಳನ್ನು ನೆಲಕ್ಕೆ ಕಳಿಸುವ ರೇಡಿಯೊಸಾಂಡೆಗೆ ಜೋಡಿಸಿ ಬಲೂನಿಗೆ ಕಟ್ಟುತ್ತಾರೆ. ಸೆಕೆಂಡಿಗೆ ಸುಮಾರು 5 ಮೀಟರಿನಂತೆ ಏರುತ್ತ, ಏರಿದಂತೆ ಉಬ್ಬುತ್ತ, 30 ಕಿ.ಮೀ. ದಾಟಿ ಬಲೂನು ಒಡೆಯುತ್ತದೆ. ದ್ವೀಪದ ಕೇಂದ್ರಗಳಲ್ಲಿ ಪೆಟ್ಟಿಗೆ ಕಡಲ ಪಾಲು.

1978ರ ಅಕ್ಟೋಬರ್ 24ರಂದು ನಾಸಾ ನಿಂಬಸ್–7 ಉಪಗ್ರಹವನ್ನು ಹಾರಿಸಿತು. ಅದರಲ್ಲಿದ್ದ ಟಾಮ್ಸ್ ಎಂಬ ಉಪಕರಣ ಭೂಮಿಯಿಂದ ಹಿಂದಿರುಗುವ ಅತಿನೇರಳೆ ಬೆಳಕನ್ನು ನೋಡಿ ದಿನಕ್ಕೊಂದು ಸಲ ಇಡೀ ಜಗತ್ತಿನ ಓಝೋನ್ ನಕ್ಷೆ ಬರೆಯುತ್ತಿತ್ತು. 1993ರವರೆಗೆ ಅದು ದುಡಿಯಿತು. ಅಂಟಾರ್ಕ್ಟಿಕಾದ ಓಝೋನ್ ರಂಧ್ರವನ್ನು 1985ರಲ್ಲಿ ಜಗತ್ತಿಗೆ ಸಾರಿದ್ದು ನೆಲದ ಮೇಲಿನ ಡಾಬ್ಸನ್ ಉಪಕರಣ; ಅದರ ಹರವನ್ನು ಚಿತ್ರವಾಗಿ ತೋರಿಸಿದ್ದು ಟಾಮ್ಸ್. ಆ ಕಥೆ ಎಲ್ಲರಿಗೂ ಗೊತ್ತಿದೆ. ಅದೇ ಟಾಮ್ಸ್ ಉಷ್ಣವಲಯದಲ್ಲಿ ಬಯಲು ಮಾಡಿದ್ದು ಅಷ್ಟು ಪ್ರಚಾರ ಪಡೆಯಲಿಲ್ಲ.

ಟಾಮ್ಸ್ ಕೊಡುವುದು ಒಟ್ಟು ಮೊತ್ತ ಮಾತ್ರ. ನಾಸಾದ ಲ್ಯಾಂಗ್ಲಿ ಕೇಂದ್ರದ ಜಾಕ್ ಫಿಶ್‌ಮನ್ ಒಂದು ಕಳೆಯುವ ಲೆಕ್ಕ ಹೂಡಿದರು. ಸೇಜ್ ಎಂಬ ಇನ್ನೊಂದು ಉಪಕರಣ ಸೂರ್ಯೋದಯ, ಸೂರ್ಯಾಸ್ತಗಳ ಹೊತ್ತಿನಲ್ಲಿ ವಾಯುಮಂಡಲದ ಅಂಚಿನ ಮೂಲಕ ಸೂರ್ಯನನ್ನು ನೋಡಿ ಮೇಲ್ಪದರದ ಓಝೋನನ್ನಷ್ಟೇ ಅಳೆಯುತ್ತಿತ್ತು. ಟಾಮ್ಸ್‌ನ ಮೊತ್ತದಿಂದ ಸೇಜ್‌ನ ಮೊತ್ತವನ್ನು ಕಳೆದರೆ ಉಳಿಯುವುದು ಕೆಳಪದರದ್ದು. 1980ರ ದಶಕದ ಕೊನೆಯಲ್ಲಿ ಹೀಗೆ ಬಂದ ನಕ್ಷೆಯಲ್ಲಿ ಓಝೋನ್ ರಾಶಿಬಿದ್ದಿದ್ದ ಜಾಗ ಯಾವ ಕೈಗಾರಿಕಾ ನಗರದ ಮೇಲೂ ಇರಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅದು ಆಫ್ರಿಕ ಮತ್ತು ಬ್ರೆಜಿಲ್‌ಗಳ ನಡುವಿನ ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲಿತ್ತು.

ದೊಡ್ಡ ಮೊತ್ತದಿಂದ ದೊಡ್ಡ ಮೊತ್ತವನ್ನು ಕಳೆದು ಸಣ್ಣ ಮೊತ್ತ ಪಡೆಯುವಾಗ ಎರಡರಲ್ಲಿನ ಸಣ್ಣ ದೋಷವೂ ಉತ್ತರವನ್ನು ಕೆಡಿಸಬಲ್ಲದು. ಅದೂ ಅಲ್ಲದೆ ಅತಿನೇರಳೆ ಬೆಳಕು ಗಾಳಿಯಲ್ಲಿ ಎಷ್ಟು ಚದುರುತ್ತದೆಂದರೆ ನೆಲದ ಹತ್ತಿರದ ಓಝೋನ್ ಉಪಗ್ರಹಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಸಾಕ್ಷಿಗೆ ಬಲೂನು ಬೇಕಾಯಿತು. ಅದೃಷ್ಟಕ್ಕೆ ಬ್ರೆಜಿಲ್ಲಿನ ಪೂರ್ವದ ಮೂಲೆಯ ನಟಾಲ್ ಊರಿನಿಂದ 1978ರಿಂದಲೇ ಓಝೋನ್ ಬಲೂನುಗಳು ಹಾರುತ್ತಿದ್ದವು. ಅಲ್ಲಿನ ಬಾಹ್ಯಾಕಾಶ ಸಂಸ್ಥೆಯ ಫೋಲ್ಕರ್ ಕಿರ್ಚಾಫ್ ಅದನ್ನು ನಡೆಸುತ್ತಿದ್ದರು. ನಟಾಲ್‌ನ ದಾಖಲೆಯಲ್ಲೂ ಅದೇ ತಿಂಗಳುಗಳಲ್ಲಿ ಓಝೋನ್ ಏರುತ್ತಿತ್ತು. ಉಪಗ್ರಹದ ನಕ್ಷೆಯನ್ನು ನಂಬಲು ಅಷ್ಟು ಆಧಾರ ಸಿಕ್ಕ ಮೇಲೆ 1992ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನಾಸಾದ ಡಿಸಿ–8 ವಿಮಾನ ಆ ಸಾಗರದ ಮೇಲೆ ಹಾರಿತು. ನಟಾಲ್, ಅಸೆನ್ಶನ್ ದ್ವೀಪ, ಕಾಂಗೋದ ಬ್ರಾಜವಿಲ್, ನಮೀಬಿಯಾದ ಒಕೌಕ್ವೆಯೊಗಳಿಂದ ಬಲೂನುಗಳು ಏರಿದವು. ಆಫ್ರಿಕದ ಹುಲ್ಲುಗಾವಲುಗಳಿಗೆ, ಬ್ರೆಜಿಲ್ಲಿನ ಕುರುಚಲು ಕಾಡಿಗೆ ಬೇಸಾಯಕ್ಕೆಂದು ಹಚ್ಚುವ ಬೆಂಕಿಯ ಹೊಗೆ ಮೋಡಗಳ ಜೊತೆ ಮೇಲೇರಿ, ಬಿಸಿಲಿನಲ್ಲಿ ಓಝೋನ್ ಆಗಿ ಸಾಗರದ ಮೇಲೆ ಬಂದಿಳಿಯುತ್ತಿತ್ತು. ಮಿಂಚು ಹುಟ್ಟಿಸುವ ನೈಟ್ರೋಜನ್ ಆಕ್ಸೈಡುಗಳೂ ಇದಕ್ಕೆ ಕೈಜೋಡಿಸುತ್ತಿದ್ದವು.

ಈ ಕಥೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಉಪಾಯ 1998ರದ್ದು. ಜೆ. ಆರ್. ಜೀಮ್ಕೆ, ಸುಶೀಲ್ ಚಂದ್ರ ಮತ್ತು ಪಿ. ಕೆ. ಭಾರ್ತಿಯಾ ಸೇಜ್‌ನಂಥ ಎರಡನೇ ಉಪಕರಣದ ಹಂಗೇ ಇಲ್ಲದೆ ಟಾಮ್ಸ್ ಒಂದರಿಂದಲೇ ಕೆಳಪದರವನ್ನು ಬಿಡಿಸಿದರು. ಉಷ್ಣವಲಯದ ಮಳೆಮೋಡಗಳ ನೆತ್ತಿ ಕೆಳಪದರದ ತುದಿಯವರೆಗೂ ಚಾಚುತ್ತದೆ. ಅಂಥ ಮೋಡದ ಮೇಲೆ ಅಳೆದರೆ ಕೆಳಗಿನದೆಲ್ಲ ಮರೆಯಾಗಿ ಮೇಲ್ಪದರ ಮಾತ್ರ ಸಿಗುತ್ತದೆ. ಪಕ್ಕದ ತಿಳಿ ಆಕಾಶದಲ್ಲಿ ಅಳೆದರೆ ಒಟ್ಟು ಮೊತ್ತ. ಪೂರ್ವದಿಂದ ಪಶ್ಚಿಮಕ್ಕೆ ಉಷ್ಣವಲಯದ ಮೇಲ್ಪದರ ಹೆಚ್ಚೇನೂ ಬದಲಾಗದ ಕಾರಣ ಒಂದೆಡೆ ಅಳೆದದ್ದು ಇನ್ನೊಂದೆಡೆಗೂ ಸಲ್ಲುತ್ತದೆ. ಯಾವ ನಿಶ್ಚಲತೆಯ ಕಾರಣಕ್ಕೆ ಉಷ್ಣವಲಯವನ್ನು ಕಡೆಗಣಿಸಿದ್ದರೋ ಆ ನಿಶ್ಚಲತೆಯೇ ಇಲ್ಲಿ ಅಳತೆಗೋಲಾಯಿತು.

ಅಷ್ಟರಲ್ಲಿ 1997ರ ಎಲ್‌ನಿನೊ ಬಂದು ಇಂಡೋನೇಷ್ಯಾದ ಮಳೆ ಕೈಕೊಟ್ಟಿತ್ತು. ಸುಮಾತ್ರ, ಕಾಲಿಮಂತಾನ್‌ಗಳ ಕಾಡು ತಿಂಗಳುಗಟ್ಟಲೆ ಉರಿಯಿತು. ಉಪಗ್ರಹದ ನಕ್ಷೆಯಲ್ಲಿ ಇಂಡೋನೇಷ್ಯಾದ ಮೇಲೆ ಓಝೋನ್ ಏರಿ, ಪೂರ್ವ ಪೆಸಿಫಿಕ್‌ನಲ್ಲಿ ಇಳಿದದ್ದು ಕಂಡಿತು. ಪೂರ್ವ ಜಾವಾದ ವಾಟುಕೊಸೆಕ್‌ನಲ್ಲಿ ಜಪಾನ್ ಮತ್ತು ಇಂಡೋನೇಷ್ಯಾದ ವಿಜ್ಞಾನಿಗಳು ಹಾರಿಸಿದ ಬಲೂನುಗಳು ಆ ಏರಿಕೆಯನ್ನು ಎತ್ತರದ ಲೆಕ್ಕದೊಂದಿಗೆ ಹಿಡಿದುಕೊಟ್ಟವು. ಇಂಥ ಕೇಂದ್ರಗಳು ಅಲ್ಲೊಂದು ಇಲ್ಲೊಂದು ಇದ್ದವು, ಹಣ ಮುಗಿದಾಗ ನಿಲ್ಲುತ್ತಿದ್ದವು, ಅಂಕಿಗಳು ಒಬ್ಬೊಬ್ಬರ ಬೀರುವಿನಲ್ಲಿ ಉಳಿಯುತ್ತಿದ್ದವು.

ನಾಸಾದ ಗಾಡರ್ಡ್ ಕೇಂದ್ರದ ಆನ್ ಥಾಂಪ್ಸನ್ 1998ರಲ್ಲಿ ಇವನ್ನು ಒಂದು ಜಾಲಕ್ಕೆ ತಂದರು. ಹೆಸರು ಶಾಡೋಜ್. ಹೊಸ ಕೇಂದ್ರಗಳನ್ನು ಕಟ್ಟುವ ಬದಲು ಇರುವ ಕೇಂದ್ರಗಳಿಗೆ ಹೆಚ್ಚಿನ ಸಾಂಡೆಗಳನ್ನು ಒದಗಿಸುವುದು, ಬಂದ ಅಂಕಿಗಳನ್ನು ತಡಮಾಡದೆ ಎಲ್ಲರಿಗೂ ತೆರೆದಿಡುವುದು: ಒಪ್ಪಂದ ಇಷ್ಟೇ ಸರಳ. ನಟಾಲ್, ಅಸೆನ್ಶನ್, ವಾಟುಕೊಸೆಕ್, ನೈರೋಬಿ, ದಕ್ಷಿಣ ಆಫ್ರಿಕದ ಐರೀನ್, ರಿಯೂನಿಯನ್, ಫಿಜಿ, ಸಮೋವ, ಗಲಪಗೋಸ್ ಸೇರಿದವು. ಮುಂದೆ ಪರಮಾರಿಬೊ, ಕೌಲಾಲಂಪುರ, ಹನೋಯಿ, ಕೋಸ್ಟರಿಕಾ ಬಂದವು. ಭಾರತದ ಕೇಂದ್ರಗಳು ತಮ್ಮದೇ ಸಾಂಡೆಯೊಂದಿಗೆ ಬೇರೆಯಾಗಿಯೇ ನಡೆದವು. ಹಿಂದೂ ಮಹಾಸಾಗರದ ಉತ್ತರ ಭಾಗ ಈ ಜಾಲದಲ್ಲಿ ಖಾಲಿ ಉಳಿದದ್ದನ್ನು ನಕ್ಷೆಯಲ್ಲಿ ನೋಡಿದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಜಾಲ ಶುರುವಾದ ಮರುವರ್ಷವೇ ಒಂದು ವಿಚಿತ್ರ ಕಂಡಿತು. 1999ರ ಜನವರಿಯಲ್ಲಿ ರೊನಾಲ್ಡ್ ಬ್ರೌನ್ ಎಂಬ ಹಡಗು ಅಮೆರಿಕದ ನಾರ್ಫೋಕ್‌ನಿಂದ ಕೇಪ್‌ಟೌನಿಗೆ ಹೊರಟಿತು. ಅಲ್ಲಿಂದ ಮುಂದೆ ಮಾರಿಷಸ್‌ಗೆ, ಬಳಿಕ ಹಿಂದೂ ಮಹಾಸಾಗರದ ಇಂಡೋಎಕ್ಸ್ ಪ್ರಯೋಗಕ್ಕೆ ಹೋಗಬೇಕಿತ್ತು. ಆ ಪ್ರಯೋಗದ ನೇತೃತ್ವ ವಹಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಒಬ್ಬರು. ಹಡಗಿನಿಂದ ದಾರಿಯುದ್ದಕ್ಕೂ ಓಝೋನ್ ಬಲೂನು ಹಾರಿಸಿದರು. ಆ ಕಾಲದಲ್ಲಿ ಬೆಂಕಿ ಉರಿಯುವುದು ಸಮಭಾಜಕದ ಉತ್ತರಕ್ಕೆ, ಪಶ್ಚಿಮ ಆಫ್ರಿಕದಲ್ಲಿ. ಓಝೋನ್ ಅಲ್ಲೇ ಹೆಚ್ಚಿರಬೇಕು. ನೆಲದ ಹತ್ತಿರ ಹಾಗೇ ಇತ್ತು. ಆದರೆ ಕೆಳಪದರವನ್ನು ಒಟ್ಟಾಗಿ ತೆಗೆದುಕೊಂಡರೆ ಸಮಭಾಜಕದ ಬಳಿಯ ಮೋಡಗಳ ಪಟ್ಟಿಯನ್ನು ದಾಟಿದ ಮೇಲೆ, ಬೆಂಕಿಯಿಲ್ಲದ ದಕ್ಷಿಣದಲ್ಲಿ ಓಝೋನ್ ಹೆಚ್ಚಾಯಿತು. ಥಾಂಪ್ಸನ್ ಇದನ್ನು ಉಷ್ಣವಲಯದ ಅಟ್ಲಾಂಟಿಕ್‌ನ ವಿರೋಧಾಭಾಸ ಎಂದು ಕರೆದರು. ಶಾಡೋಜ್‌ನ ವರ್ಷಗಳ ದಾಖಲೆ ಅದನ್ನು ಬಿಡಿಸಿತು: ವರ್ಷವಿಡೀ ಅಟ್ಲಾಂಟಿಕ್‌ನ ಮೇಲೆ ಹೆಚ್ಚು, ಪೆಸಿಫಿಕ್‌ನ ಮೇಲೆ ಕಡಿಮೆ ಎಂಬ ಒಂದೇ ಅಲೆ ಭೂಮಿಯನ್ನು ಸುತ್ತುವರಿದಿದೆ. ಬೆಂಕಿ ಅದಕ್ಕೆ ಒಂದಷ್ಟು ಸೇರಿಸುತ್ತದೆ. ಅಲೆಯನ್ನು ರೂಪಿಸುವುದು ಮಾತ್ರ ಎಲ್ಲಿ ಗಾಳಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಮಿಂಚುತ್ತದೆ ಎಂಬ ಸಂಗತಿಗಳು.

ಪೆಸಿಫಿಕ್‌ನಲ್ಲಿ ಮೋಡಗಳು ಕಡಲ ಮೇಲಿನ ಶುದ್ಧ ಗಾಳಿಯನ್ನು ಎತ್ತರಕ್ಕೆ ಒಯ್ಯುತ್ತವೆ. 1993ರ ಮಾರ್ಚ್‌ನಲ್ಲಿ ಅಲ್ಲಿ ಹಡಗಿನಿಂದ ಹಾರಿಸಿದ ಸಾಂಡೆಗಳು ಮೋಡಗಳ ತುದಿಯಲ್ಲಿ ಓಝೋನ್ ಹೆಚ್ಚುಕಡಿಮೆ ಸೊನ್ನೆ ಎಂದವು. ವರ್ಷಗಳ ನಂತರ, 2010ರಲ್ಲಿ, ಕೋಶದಲ್ಲಿ ಉಳಿಯುವ ಆ ಅಲ್ಪ ವಿದ್ಯುತ್ತನ್ನು ಕಳೆದ ರೀತಿಯೇ ಸರಿಯಿರಲಿಲ್ಲ, ನಿಜವಾದ ಪ್ರಮಾಣ ತುಸು ಹೆಚ್ಚೇ ಇದ್ದಿರಬೇಕು ಎಂದು ತೋರಿಸಲಾಯಿತು. ಬಲೂನಿನ ಸಾಕ್ಷ್ಯವನ್ನೂ ಪಾಟೀಸವಾಲಿಗೆ ಒಡ್ಡಬೇಕಿತ್ತು.

ಅದಕ್ಕಾಗಿಯೇ ಜರ್ಮನಿಯ ಯೂಲಿಶ್‌ನಲ್ಲಿ ಒಂದು ಕೋಣೆಯಿದೆ. ಬಲೂನು ಏರುವಾಗ ಎದುರಾಗುವ ಒತ್ತಡ, ಚಳಿ, ಓಝೋನನ್ನು ನೆಲದಲ್ಲೇ ಸೃಷ್ಟಿಸಿ ಸಾಂಡೆಗಳನ್ನು ಒರೆಗೆ ಹಚ್ಚುವ ಕೋಣೆ. 1996ರಲ್ಲಿ ಭಾರತೀಯ ಸಾಂಡೆಯೂ ಅಲ್ಲಿ ಪರೀಕ್ಷೆಗೆ ನಿಂತಿತ್ತು. 2017ರ ಅಕ್ಟೋಬರ್–ನವೆಂಬರಿನಲ್ಲಿ ಉಷ್ಣವಲಯದ ಕೇಂದ್ರಗಳಲ್ಲಿ ದ್ರಾವಣ ಕಲಸುವ, ಬಲೂನು ಬಿಡುವ ಸಿಬ್ಬಂದಿಯನ್ನೇ ಅಲ್ಲಿಗೆ ಕರೆಸಿದರು. ತಂತಮ್ಮ ಊರಿನ ಪದ್ಧತಿಯಂತೆಯೇ ಅವರು ಸಾಂಡೆ ಸಿದ್ಧಮಾಡಿದರು. ಒಬ್ಬೊಬ್ಬರ ದ್ರಾವಣ, ಒಂದೊಂದು ಕಂಪನಿಯ ಪಂಪು ಎಷ್ಟೆಷ್ಟು ವ್ಯತ್ಯಾಸ ತರುತ್ತದೆಂದು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಈ ಜನರಿಗೆ ಸಿಗಬೇಕಾದ ಮನ್ನಣೆ ಸಿಕ್ಕ ಅಪರೂಪದ ಸಂದರ್ಭ ಅದು.

2020ರಲ್ಲಿ ಲೆಕ್ಕ ತಿರುಗಿತು. ರಯಾನ್ ಸ್ಟಾಫರ್ ಮತ್ತು ಸಂಗಡಿಗರು ಜಗತ್ತಿನ 37 ಕೇಂದ್ರಗಳ ಬಲೂನಿನ ಮೊತ್ತವನ್ನು ಉಪಗ್ರಹಗಳ ಮೊತ್ತದೊಂದಿಗೆ ಹೋಲಿಸಿದರು. 2014ರಿಂದ 2016ರ ನಡುವೆ 14 ಕೇಂದ್ರಗಳಲ್ಲಿ ಬಲೂನಿನ ಅಂಕಿ ಇದ್ದಕ್ಕಿದ್ದಂತೆ ಶೇ. 3ರಿಂದ 7ರಷ್ಟು ಕುಸಿದಿತ್ತು. ಓಝೋನ್ ಕಡಿಮೆಯಾಗಿರಲಿಲ್ಲ, ಸಾಂಡೆಯ ತಯಾರಿಕೆಯಲ್ಲೇ ಏನೋ ಬದಲಾಗಿತ್ತು. ಬಲೂನಿನಿಂದ ಪಾಠ ಕಲಿತ ಉಪಗ್ರಹವೇ ಈಗ ಬಲೂನಿನ ತಪ್ಪು ಹಿಡಿಯಿತು. ದೋಷ ಹೆಚ್ಚಾಗಿ ಕಂಡದ್ದು ಮೇಲ್ಪದರದಲ್ಲಿ. ಹಾಗಾಗಿ ಕೆಳಪದರದ ದಾಖಲೆ ಬಳಕೆಗೆ ಉಳಿಯಿತು.

ಅದು ಉಳಿದದ್ದು ಒಳ್ಳೆಯದೇ ಆಯಿತು. 2018ರ ಒಂದು ಜಾಗತಿಕ ಸಮೀಕ್ಷೆಯಲ್ಲಿ ಉಪಗ್ರಹಗಳ ನಡುವೆಯೇ ಜಗಳವಿತ್ತು: ಕೆಳಪದರದ ಓಝೋನ್ ಏರುತ್ತಿದೆ ಎಂದು ಕೆಲವು, ಇಳಿಯುತ್ತಿದೆ ಎಂದು ಕೆಲವು. ಥಾಂಪ್ಸನ್ ಮತ್ತು ಸ್ಟಾಫರ್ ತಂಡ 1998ರಿಂದ 2019ರವರೆಗಿನ ಶಾಡೋಜ್ ದಾಖಲೆಯನ್ನು ಮತ್ತೆ ಶೋಧಿಸಿ 2021ರಲ್ಲಿ ಉತ್ತರ ಕೊಟ್ಟಿತು. ಫೆಬ್ರವರಿಯಿಂದ ಮೇ ವರೆಗಿನ ತಿಂಗಳುಗಳಲ್ಲಿ, ಕೆಲವು ಎತ್ತರಗಳ ತೆಳು ಪದರಗಳಲ್ಲಿ, ಆಗ್ನೇಯ ಏಷ್ಯಾದ ಕಡೆ ಎದ್ದುಕಾಣುವಂತೆ ಏರಿಕೆಯಿದೆ. ಬೇರೆ ತಿಂಗಳು, ಬೇರೆ ಊರುಗಳಲ್ಲಿ ಅದು ಅತ್ಯಲ್ಪ. ಉಪಗ್ರಹಗಳ ದಾಖಲೆಯನ್ನೂ ಕಂಪ್ಯೂಟರ್ ಮಾದರಿಗಳನ್ನೂ ಈ ಅಂಕಿಗಳಿಗೆ ತಾಳೆ ನೋಡಲಿ ಎಂದೇ ಅವರು ಅದನ್ನು ಪ್ರಕಟಿಸಿದರು.